ರೇಷ್ಮೆಗೂಡಿನ ಉಪಾಯ, ಪ್ಲಾಸ್ಟಿಕ್ಕಿನೊಳಗೆ

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಮಕ್ಕಳಿಗೆ ರೇಷ್ಮೆಗೂಡು ಹೊಸದಲ್ಲ. ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಪ್ಯೂಪಾ ಸದ್ದು ಮಾಡುತ್ತದೆ. ಹೊರಗೆ ತೆಳು ಗೋಡೆ, ಒಳಗೆ ಗಾಳಿ. ಹೊರಗಿನ ಬಿಸಿ, ಚಳಿ ಒಳಗಿನ ಜೀವಕ್ಕೆ ಥಟ್ಟನೆ ತಟ್ಟುವುದಿಲ್ಲ. ಎಂಜಿನಿಯರುಗಳು ಇದೇ ಉಪಾಯವನ್ನು ಪ್ಲಾಸ್ಟಿಕ್ಕಿಗೂ ತಂದಿದ್ದಾರೆ.

ಕೂದಲೆಳೆಯಷ್ಟು ದಪ್ಪದ ಪೊಳ್ಳು ಗಾಜಿನ ಗುಂಡುಗಳನ್ನು ಎಪಾಕ್ಸಿ ರಾಳಕ್ಕೆ ಬೆರೆಸಿ ಎರಕ ಹೊಯ್ದರೆ ಹಗುರವಾದ ‘ಸಿಂಟ್ಯಾಕ್ಟಿಕ್ ಫೋಮ್’ ಸಿದ್ಧ. ಸಮುದ್ರದಾಳದ ತೈಲ ಕೊಳವೆಗಳಿಗೆ ಇದರ ಹೊದಿಕೆ ಹಾಕುತ್ತಾರೆ. ಅಲ್ಲಿ ಬಿಸಿ ಸೋರಿಹೋದರೆ ತೈಲದಲ್ಲಿನ ಮೇಣ ಹೆಪ್ಪುಗಟ್ಟಿ ಕೊಳವೆಯೇ ಕಟ್ಟಿಕೊಂಡೀತು. ಆದ್ದರಿಂದ ಹೊದಿಕೆಯಲ್ಲಿ ಎಷ್ಟು ಬಿಸಿ ದಾಟೀತೆಂದು ಮೊದಲೇ ಲೆಕ್ಕ ಹಾಕಬೇಕು.

ಲೆಕ್ಕದ ಬೇರು ಹಳೆಯದು. ಒಂದು ವಸ್ತುವಿನಲ್ಲಿ ಇನ್ನೊಂದರ ಗುಂಡುಗಳು ಚದುರಿದ್ದರೆ ವಿದ್ಯುತ್ ಹೇಗೆ ಹರಿಯುತ್ತದೆಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಲ್ಲಿ ಸೂತ್ರ ಬರೆದ. ಶಾಖಕ್ಕೂ ಅದೇ ಸೂತ್ರ ಒಗ್ಗುತ್ತದೆ. ಎಪಾಕ್ಸಿಯ ಶಾಖವಾಹಕತೆ ಸುಮಾರು 0.2 (ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್). ಪೊಳ್ಳು ಗುಂಡಿನದು 0.05 ಎಂದಿಟ್ಟುಕೊಂಡು, ಗಾತ್ರದಲ್ಲಿ ನೂರಕ್ಕೆ 30 ಪಾಲು ಬೆರೆಸಿದರೆ ಮಿಶ್ರಣದ್ದು ಸುಮಾರು 0.145ಕ್ಕೆ ಇಳಿಯುತ್ತದೆ. ಕಾಲು ಭಾಗಕ್ಕಿಂತ ಹೆಚ್ಚು ಇಳಿತ! ಪಿಯುಸಿಯ ಬೀಜಗಣಿತ ಬಲ್ಲವರು ಇದನ್ನು ಮಾಡಬಲ್ಲರು.

ಆದರೆ ಎಚ್ಚರಿಕೆ ಬೇಕು. ಗಾಳಿಯ ವಾಹಕತೆ 0.026, ಗಾಜಿನದು ಸುಮಾರು 1. ಗುಂಡಿನ ಗೋಡೆ ದಪ್ಪವಾದರೆ ಶಾಖ ಗಾಳಿಯನ್ನು ಬಳಸಿ ಗಾಜಿನ ಮೂಲಕವೇ ನುಸುಳುತ್ತದೆ. ಬೆರೆಸುವಾಗ ಗುಂಡುಗಳು ಒಡೆದರೆ ರಾಳ ಒಳನುಗ್ಗುತ್ತದೆ. ಗುಂಡುಗಳು ಒತ್ತೊತ್ತಾಗಿದ್ದರೆ ಒಂದರ ಪ್ರಭಾವ ಇನ್ನೊಂದರ ಮೇಲೆ ಬಿದ್ದು ಮ್ಯಾಕ್ಸ್‌ವೆಲ್ ಸೂತ್ರ ತಪ್ಪತೊಡಗುತ್ತದೆ. ಆಗ ಕಂಪ್ಯೂಟರಿನಲ್ಲಿ ವಸ್ತುವನ್ನು ಸಾವಿರಾರು ಚಿಕ್ಕ ತುಣುಕುಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತಾರೆ. ಕೊನೆಗೆ ಪ್ರಯೋಗಾಲಯದಲ್ಲಿ ಅಳೆದು ತಾಳೆ ನೋಡುತ್ತಾರೆ.

ಇಂಥ ಗುಂಡುಗಳು ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಹಾರುಬೂದಿಯಲ್ಲೂ ಇವೆ. ನೀರಿಗೆ ಹಾಕಿದರೆ ತೇಲುತ್ತವೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೃತ್ಯುಂಜಯ ದೊಡ್ಡಮನಿ ಮತ್ತು ಸಂಗಡಿಗರು ಇವನ್ನು ಪಾಲಿಥಿನ್‌ಗೆ ಬೆರೆಸಿ ತ್ರೀಡಿ ಮುದ್ರಣದ ಎಳೆ ತಯಾರಿಸಿದರು. ಕಸವೆಂದು ರಾಶಿ ಬಿದ್ದ ಬೂದಿಗೂ ಬೆಲೆ ಬಂತು.

ಹಗುರವಾದ ವಸ್ತು ಎಲ್ಲೆಡೆಯೂ ಒಳ್ಳೆಯದೇ? ಇಲ್ಲ. ಕೊಳವೆಗೆ ಕಂಬಳಿಯಾದದ್ದು, ತನ್ನ ಬಿಸಿ ಹೊರಹಾಕಲೇಬೇಕಾದ ವಿದ್ಯುತ್ ಉಪಕರಣಕ್ಕೆ ಸುತ್ತಿದರೆ ಅದನ್ನೇ ಸುಟ್ಟೀತು. ಎಲ್ಲಿ ಕಂಬಳಿ ಬೇಕು, ಎಲ್ಲಿ ಕಿಟಕಿ ಬೇಕು ಎಂದು ಹೇಳುವುದೇ ಈ ಲೆಕ್ಕ. ಮುಂದಿನ ಸಲ ಗೂಡು ಬಿಡಿಸುವಾಗ ಮಕ್ಕಳು ಅದನ್ನು ತುಸು ಹೊತ್ತು ನೋಡುತ್ತ ಕುಳಿತರೆ, ಹಿರಿಯರು ಗದರದಿರಲಿ.