ಸಾಕುಮೊಲದ ಮೂತ್ರವೂ ಅದರ ಆರೋಗ್ಯವೂ

ಹಸು, ಎಮ್ಮೆ, ಆಡುಗಳ ಮೂತ್ರದ ಬಣ್ಣ ಕೆಟ್ಟರೆ ಕಾರಣ ಹೇಳಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. ಆದರೆ ಸಾಕುಮೊಲವು ನಮ್ಮ ಹಟ್ಟಿಗೆ ಹೊಸಬ. ಅದು ಯುರೋಪಿನ ಕಾಡುಮೊಲದ ಸಂತತಿ. ನಮ್ಮ ಕುರುಚಲು ಕಾಡಿನ ಮೊಲಕ್ಕೆ ದೂರದ ನೆಂಟ ಮಾತ್ರ. ಆದುದರಿಂದ ಗೂಡಿನ ಕೆಳಗೆ ಕೆಂಪು ಕಲೆ ಕಂಡೊಡನೆ ರಕ್ತವೆಂದು ಮನೆಮಂದಿಯೆಲ್ಲ ಗಾಬರಿಗೊಳ್ಳುವುದು ಸಹಜವೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನಾದ್ದರಿಂದ ಇಂಥ ಪ್ರಶ್ನೆಗಳೂ ನನ್ನ ಬಳಿಗೇ ಬರುತ್ತವೆ. ನಾನು ಓದುವುದು ಇತಿಹಾಸ, ಅರ್ಥಶಾಸ್ತ್ರವೆಂದರೆ ಯಾರೂ ಒಪ್ಪುವುದಿಲ್ಲ! ಕೂಲಿಯಿಂದ ಬದುಕುವ ಮನೆಯಲ್ಲಿ ಮೊಲವನ್ನು ಬುಟ್ಟಿಯಲ್ಲಿಟ್ಟು ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯುವುದೆಂದರೆ ಒಂದು ದಿನದ ಸಂಪಾದನೆ ಹೋದಂತೆ. ಯಾವಾಗ ಕಾಯಬಹುದು, ಯಾವಾಗ ಹೋಗಲೇಬೇಕು ಎಂಬುದು ತಿಳಿದಿರಬೇಕು.

ಮೊಲದ ಶರೀರವು ಸುಣ್ಣದಂಶವನ್ನು, ಎಂದರೆ ಕ್ಯಾಲ್ಸಿಯಮ್ಮನ್ನು, ಬಳಸುವ ಬಗೆಯೇ ಬೇರೆ. ಮನುಷ್ಯನ ಕರುಳು ತನಗೆ ಬೇಕಾದಷ್ಟನ್ನು ಮಾತ್ರ ಹೀರಿಕೊಳ್ಳಲು ಯತ್ನಿಸುತ್ತದೆ. ಮೊಲದ ಕರುಳಾದರೋ ಮೇವಿನಲ್ಲಿ ಬಂದುದರ ಬಹುಭಾಗವನ್ನು ಹೀರಿಕೊಂಡುಬಿಡುತ್ತದೆ. ಮಿಕ್ಕಿದುದನ್ನು ಹೊರಹಾಕುವ ಹೊಣೆ ಮೂತ್ರಪಿಂಡಗಳದು. ಬಹುತೇಕ ಸ್ತನಿಗಳು ಮೂತ್ರದ ಮೂಲಕ ಕಳೆಯುವ ಸುಣ್ಣದಂಶ ಶೇಕಡಾ 2ಕ್ಕೂ ಕಡಿಮೆ. ಮೊಲದಲ್ಲಿ ಅದು ಶೇಕಡಾ 45ರಿಂದ 60. ಜೀವಮಾನವೆಲ್ಲ ಬೆಳೆಯುತ್ತಲೇ ಇರುವ ಹಲ್ಲುಗಳುಳ್ಳ ಪ್ರಾಣಿಗೆ ಈ ಏರ್ಪಾಡು ಅನುಕೂಲವೇ ಸರಿ. ಆರೋಗ್ಯವಾಗಿರುವ ಬೆಳೆದ ಮೊಲದ ಮೂತ್ರವು ಕ್ಷಾರಗುಣವುಳ್ಳದ್ದಾಗಿ ಮಜ್ಜಿಗೆಯ ತಿಳಿಯಂತೆ ಮಸುಕಾಗಿರುತ್ತದೆ. ನೆಲದ ಮೇಲೆ ಒಣಗಿದರೆ ಬಿಳಿಯ ಪುಡಿ ಉಳಿಯುತ್ತದೆ. ಆ ಪುಡಿಯಲ್ಲಿ ಸುಣ್ಣದ ಕಲ್ಲಿನಲ್ಲಿರುವ ಪದಾರ್ಥವೇ ಇದೆ. ಎಳೆಯ ಮರಿಗಳಲ್ಲಿಯೂ, ಗಬ್ಬದ ಅಥವಾ ಹಾಲೂಡಿಸುವ ತಾಯಿಯಲ್ಲಿಯೂ ಮೂತ್ರವು ತಿಳಿಯಾಗಿರುತ್ತದೆ, ಏಕೆಂದರೆ ಅವುಗಳ ಸುಣ್ಣವು ಎಲುಬಿಗೂ ಹಾಲಿಗೂ ವಿನಿಯೋಗವಾಗುತ್ತದೆ. ಬೆಳೆದ ಮೊಲದ ಮೂತ್ರ ಇದ್ದಕ್ಕಿದ್ದಂತೆ ನೀರಿನಂತಾಗಿ, ಅದು ಮೇವನ್ನೂ ಬಿಟ್ಟರೆ ಮಾತ್ರ ಸಂಶಯಪಡಬೇಕು.

ಇನ್ನು ಬಣ್ಣದ ವಿಷಯ. ತಿಳಿಹಳದಿಯಿಂದ ಕಿತ್ತಳೆ, ಕಂದು, ಇಟ್ಟಿಗೆಕೆಂಪಿನವರೆಗೆ ಎಲ್ಲವೂ ಸಹಜವಾಗಿರಬಹುದು. ಸೊಪ್ಪು, ಗಜ್ಜರಿ, ಬೀಟ್‌ರೂಟ್‌ಗಳಲ್ಲಿರುವ ವರ್ಣದ್ರವ್ಯಗಳೂ, ಶರೀರದಲ್ಲಿಯೇ ಹುಟ್ಟುವ ಪಾರ್ಫಿರಿನ್ ಎಂಬ ವಸ್ತುಗಳೂ ಇದಕ್ಕೆ ಕಾರಣ. ಹೀಗೆ ಬಂದ ಬಣ್ಣವು ಮೂತ್ರದಲ್ಲೆಲ್ಲ ಒಂದೇ ಸಮನಾಗಿ ಬೆರೆತಿರುತ್ತದೆ. ಒಂದೆರಡು ದಿನಗಳಲ್ಲಿ ತಾನಾಗಿಯೇ ಹೋಗುವುದೂ ಉಂಟು. ರಕ್ತವಾದರೆ ಹಲವು ವೇಳೆ ಎಳೆಯಾಗಿಯೋ, ಹೆಪ್ಪಾಗಿಯೋ, ಕೊನೆಯ ತೊಟ್ಟುಗಳಲ್ಲಿಯೋ ಕಾಣಿಸುತ್ತದೆ. ಸಂದೇಹವಿದ್ದಲ್ಲಿ ವೈದ್ಯರು ಪರೀಕ್ಷಾಪಟ್ಟಿಯನ್ನು ಅದ್ದಿ ನೋಡುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೆಣ್ಣುಮೊಲದ ಗೂಡಿನಲ್ಲಿ ರಕ್ತ ಕಂಡರೆ ‘ಮುಟ್ಟಾಗಿದೆ’ ಎಂದು ಸುಮ್ಮನಾಗುವವರಿದ್ದಾರೆ. ಮೊಲಕ್ಕೆ ಮುಟ್ಟೆಂಬುದೇ ಇಲ್ಲ. ಗರ್ಭಕೋಶವನ್ನು ತೆಗೆಸದ, ಮೂರು ನಾಲ್ಕು ವರ್ಷ ದಾಟಿದ ಹೆಣ್ಣುಗಳಲ್ಲಿ ಗರ್ಭಕೋಶದ ಅರ್ಬುದವು ಅಪರೂಪವೇನಲ್ಲ. ಬೇಗ ಕಂಡುಹಿಡಿದರೆ ಶಸ್ತ್ರಚಿಕಿತ್ಸೆಯಿಂದ ಉಳಿಸಬಹುದು. ಆ ದಿನ ಕೂಲಿ ಹೋದರೂ ಹೋಗಲಿ.

ಬಣ್ಣಕ್ಕಿಂತ ಮೊಲದ ಭಂಗಿಯನ್ನೇ ನಾನು ಹೆಚ್ಚು ನಂಬುತ್ತೇನೆ. ಬೆನ್ನು ಬಾಗಿಸಿ ಬಹಳ ಹೊತ್ತು ಕುಳಿತು ತಿಣುಕುವುದು, ಮೂತ್ರವು ಗೋಡೆಗೆ ಬಳಿಯುವ ಸುಣ್ಣದ ಗಸಿಯಂತೆ ಗಟ್ಟಿಯಾಗಿ ಬೀಳುವುದು, ಹಿಂಗಾಲುಗಳ ತುಪ್ಪಟ ಸದಾ ಒದ್ದೆಯಾಗಿರುವುದು, ಇವು ಮೂತ್ರಕೋಶದಲ್ಲಿ ಗಸಿಯೋ ಕಲ್ಲೋ ಸೇರಿರುವುದರ ಗುರುತುಗಳಾಗಿರಬಹುದು. ಮೂತ್ರವೇ ಬಾರದಿದ್ದರೆ ಮರುದಿನದವರೆಗೆ ಕಾಯತಕ್ಕದ್ದಲ್ಲ. ಮೇವು ಬಿಟ್ಟ ಮೊಲವೂ ಅಷ್ಟೇ. ಅದರ ಕರುಳಿನ ಚಲನೆ ಬೇಗ ನಿಂತುಹೋಗುತ್ತದೆ.

ನಮ್ಮವರು ಪ್ರೀತಿಯಿಂದ ಹಾಕುವ ಮೇವಿನಲ್ಲಿಯೂ ಎಚ್ಚರ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ನುಗ್ಗೆಸೊಪ್ಪಿನಲ್ಲಿಯೂ, ಕುದುರೆಮೆಂತೆಯಲ್ಲಿಯೂ ಅದು ಹೇರಳ. ನಮಗೆ ಹಿತವಾದ ಇವು ಬೆಳೆದ ಮೊಲಕ್ಕೆ ನಿತ್ಯದ ಮುಖ್ಯ ಆಹಾರವಾಗಬಾರದು. ಗರಿಕೆ ಮೊದಲಾದ ಹುಲ್ಲೂ ಒಣಹುಲ್ಲೂ ಅದರ ಊಟದ ಬಹುಪಾಲಾಗಿರಲಿ. ಬೋಗುಣಿಯಲ್ಲಿ ನೀರು ಸದಾ ಇರಬೇಕು. ನೀರು ಕಡಿಮೆಯಾದಷ್ಟೂ ಗಸಿ ಹೆಚ್ಚು. ಹಾಗೆಂದು ಸುಣ್ಣದಂಶವನ್ನು ಪೂರ್ತಿ ತಪ್ಪಿಸಿದರೆ ಹಲ್ಲು, ಎಲುಬುಗಳಿಗೆ ಕೇಡು.

ಆಸ್ಪತ್ರೆಗೆ ಹೊರಡುವವರು ಗೂಡಿನ ಕೆಳಗೆ ತೊಳೆದ ತಟ್ಟೆಯನ್ನಿಟ್ಟು ಹೊಸ ಮೂತ್ರವನ್ನು ಶುಚಿಯಾದ ಸೀಸೆಯಲ್ಲಿ ತುಂಬಿಕೊಳ್ಳಲಿ. ಹಿಂದಿನ ಎರಡು ಮೂರು ದಿನ ಏನೇನು ತಿನ್ನಿಸಿದ್ದೆವೆಂಬುದನ್ನು ಚೀಟಿಯಲ್ಲಿ ಬರೆದೊಯ್ದರೆ ವೈದ್ಯರ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.