ಪಿಟೀಲು ನುಡಿಸುವುದೂ ಪರೀಕ್ಷೆಯಾದಾಗ

ನಮ್ಮಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದು ಫಲಕ ಹಾಕಿಕೊಂಡ ಶಾಲೆಗಳು ಬಹುಮಟ್ಟಿಗೆ ಖಾಸಗಿಯವು. ಅಮೆರಿಕದಲ್ಲಿ ಈ ಮಾತಿಗೆ ನೇರ ಅರ್ಥವೇ ಉಂಟು: ಸರ್ಕಾರದ ಹಣದಲ್ಲಿ ನಡೆಯುವ, ಶುಲ್ಕವಿಲ್ಲದ ಶಾಲೆ. ಸಾಮಾನ್ಯವಾಗಿ ಮಕ್ಕಳು ತಮ್ಮ ಬಡಾವಣೆಯ ಶಾಲೆಗೇ ಸೇರುತ್ತಾರೆ. ಆದರೆ ಕೆಲವು ಸರ್ಕಾರಿ ಪ್ರೌಢಶಾಲೆಗಳು ಮಕ್ಕಳನ್ನು ಆರಿಸಿಕೊಳ್ಳುತ್ತವೆ. ನ್ಯೂಯಾರ್ಕ್ ನಗರದ ಸ್ಟೈವೆಸಂಟ್, ಬ್ರಾಂಕ್ಸ್ ಸೈನ್ಸ್ ಇಂಥವು. ನೊಬೆಲ್ ಪ್ರಶಸ್ತಿ ಪಡೆದವರೂ ಇಲ್ಲಿ ಓದಿ ಹೋಗಿದ್ದಾರೆ. ಕಾಸಿಲ್ಲದೆ ಸಿಗುವ ಇಂಥ ಸೀಟಿಗೆ ನೂಕುನುಗ್ಗಲಾಗುವುದು ಸಹಜವೇ.

ಯಾರನ್ನು ಆರಿಸಬೇಕು? ನ್ಯೂಯಾರ್ಕ್ ರಾಜ್ಯ 1971ರಲ್ಲಿ ಇದಕ್ಕೊಂದು ಕಾನೂನನ್ನೇ ಮಾಡಿತು. ಪ್ರವೇಶಕ್ಕೆ ಒಂದು ಸ್ಪರ್ಧಾ ಪರೀಕ್ಷೆ, ಅದರ ಅಂಕವೇ ಅಂತಿಮ. ಶಾಲೆಯ ಅಂಕಪಟ್ಟಿ, ಮೇಷ್ಟರ ಶಿಫಾರಸು, ಪಿಟೀಲು, ಫುಟ್‌ಬಾಲ್ ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ನವೋದಯ ವಿದ್ಯಾಲಯಗಳ ಆರನೆಯ ತರಗತಿಗೂ ಪರೀಕ್ಷೆಯ ಮೇಲೆಯೇ ಆಯ್ಕೆ. ಆದರೆ ಅಲ್ಲಿ ಶೇ 75ರಷ್ಟು ಸೀಟುಗಳಾದರೂ ಗ್ರಾಮೀಣ ಮಕ್ಕಳಿಗೆ ಮೀಸಲು.

ಒಂದೇ ಪರೀಕ್ಷೆಯ ಫಲವೇನು? 2019ರಲ್ಲಿ ಸ್ಟೈವೆಸಂಟ್ ಶಾಲೆ ಸೀಟು ನೀಡಿದ 895 ಮಕ್ಕಳಲ್ಲಿ ಕಪ್ಪು ಜನಾಂಗದವರು ಕೇವಲ ಏಳು ಮಂದಿ. ಪರೀಕ್ಷೆಯನ್ನೇ ಕೈಬಿಡಲು ಮೇಯರ್ ಬಿಲ್ ಡಿ ಬ್ಲಾಸಿಯೊ 2018ರಲ್ಲೇ ಹೊರಟಿದ್ದರು, ಶಾಸನಸಭೆ ಒಪ್ಪಲಿಲ್ಲ. ವಿರೋಧಿಸಿದವರೆಲ್ಲ ಸಿರಿವಂತರು ಎಂದುಕೊಂಡರೆ ತಪ್ಪು. ಏಷ್ಯಾದಿಂದ ವಲಸೆ ಬಂದ ಅನೇಕ ಬಡ ಕುಟುಂಬಗಳಿಗೆ ಆ ಪರೀಕ್ಷೆಯೊಂದೇ ಏಣಿ. ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಕೋಚಿಂಗ್‌ಗೆ ಕಳಿಸಿದವರು ಅವರು.

ಹಾಗಾದರೆ ಅಂಕದ ಜೊತೆಗೆ ಮಗುವಿನ ಆಸಕ್ತಿ, ಹುಮ್ಮಸ್ಸು, ಪಠ್ಯೇತರ ಚಟುವಟಿಕೆಗಳನ್ನೂ ನೋಡಬಾರದೇಕೆ? ಕೇಳಲು ಹಿತವಾದ ಮಾತು. ಆದರೆ ಅದರ ಚರಿತ್ರೆ ಅಷ್ಟು ಹಿತವಾಗಿಲ್ಲ. 1920ರ ದಶಕದ ಆರಂಭದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಯಹೂದಿ ವಿದ್ಯಾರ್ಥಿಗಳ ಪ್ರಮಾಣ ಶೇ 20 ದಾಟಿತ್ತು. ಪರೀಕ್ಷೆಯಲ್ಲಿ ಅವರನ್ನು ತಡೆಯುವಂತಿರಲಿಲ್ಲ. ಅಧ್ಯಕ್ಷ ಲೊವೆಲ್ ಮಿತಿ ಹೇರಲು ಹೊರಟಾಗ ಗದ್ದಲವೆದ್ದಿತು. ಕೊನೆಗೆ ‘ನಡತೆ’, ‘ವ್ಯಕ್ತಿತ್ವ’ ಎಂಬ ಹೊಸ ಅಳತೆಗೋಲುಗಳು ಬಂದವು. ಅಳೆಯಲಾಗದ್ದನ್ನು ಅಳೆಯುವ ಅಧಿಕಾರ ಯಾರ ಕೈಲಿದೆಯೋ ಅವರಿಗೆ ಬೇಕಾದವರು ಒಳಗೆ, ಬೇಡವಾದವರು ಹೊರಗೆ!

ಇದಕ್ಕೂ ಸೂಕ್ಷ್ಮವಾದ ತೊಡಕೊಂದಿದೆ. ಮಾರ್ಕ್ ಲೆಪರ್ ಮತ್ತು ಇಬ್ಬರು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಮನೋವಿಜ್ಞಾನದಲ್ಲಿ ಪ್ರಸಿದ್ಧ. ಅವರು ಶಿಶುವಿಹಾರವೊಂದರಲ್ಲಿ ಸ್ಕೆಚ್ ಪೆನ್ನು ಕಂಡರೆ ತಾವಾಗಿಯೇ ಚಿತ್ರ ಬಿಡಿಸಲು ಕೂರುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ನಕ್ಷತ್ರವಿರುವ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಬರೆದಾದ ಮೇಲೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಕಳೆದು ನೋಡಿದರೆ, ಪ್ರಮಾಣಪತ್ರದ ಆಸೆಗೆ ಬರೆದಿದ್ದ ಮಕ್ಕಳು ಚಿತ್ರ ಬಿಡಿಸಲು ಕಳೆದ ಹೊತ್ತು ಇತರರ ಸುಮಾರು ಅರ್ಧ. ಬಹುಮಾನದ ಆಸೆ ಹುಟ್ಟಿದ ಮೇಲೆ ಆಟ ಕೆಲಸವಾಗಿತ್ತು.

ಸೀಟಿಗಾಗಿ ಪಿಟೀಲು ಕಲಿಯುವ ಹುಡುಗಿಯ ಪಾಡೂ ಇದಕ್ಕಿಂತ ಬೇರೆಯಾಗಲಿಕ್ಕಿಲ್ಲ. ಪರೀಕ್ಷೆಗೆ ಕೋಚಿಂಗ್ ಇರುವಂತೆ ಹವ್ಯಾಸಕ್ಕೂ ಕೋಚಿಂಗ್ ಹುಟ್ಟುತ್ತದೆ. ಪಿಟೀಲು ಕೊಳ್ಳಲಾಗದ, ಶಾಲೆ ಬಿಟ್ಟೊಡನೆ ತಮ್ಮನನ್ನು ನೋಡಿಕೊಳ್ಳಬೇಕಾದ ಮಗು ತನ್ನ ಅರ್ಜಿಯಲ್ಲಿ ಏನೆಂದು ಬರೆದೀತು?

ವರ್ಜೀನಿಯಾ ರಾಜ್ಯದ ಥಾಮಸ್ ಜೆಫರ್ಸನ್ ವಿಜ್ಞಾನ ಪ್ರೌಢಶಾಲೆ 2020ರಲ್ಲಿ ಬೇರೆ ದಾರಿ ಹಿಡಿಯಿತು. ಪ್ರವೇಶ ಪರೀಕ್ಷೆ ಹೋಯಿತು. ಶಾಲೆಯ ಅಂಕ ಮತ್ತು ಮಗುವೇ ಬರೆದ ಪ್ರಬಂಧಗಳನ್ನು ನೋಡುವುದರ ಜೊತೆಗೆ ಮನೆಯ ಬಡತನವನ್ನೂ ಗಮನಿಸತೊಡಗಿದರು. ಸುತ್ತಲಿನ ಪ್ರತಿ ಮಾಧ್ಯಮಿಕ ಶಾಲೆಯ ಎಂಟನೆಯ ತರಗತಿಯ ಶೇ 1.5ರಷ್ಟು ಮಕ್ಕಳಿಗೆ ಪಾಲು ಸಿಕ್ಕಿತು. ಸೀಟು ಪಡೆದವರಲ್ಲಿ ಬಡ ಮನೆಗಳ ಮಕ್ಕಳ ಪ್ರಮಾಣ ಶೇ 1ಕ್ಕೂ ಕಡಿಮೆ ಇದ್ದದ್ದು ಒಂದೇ ವರ್ಷದಲ್ಲಿ ಸುಮಾರು ಶೇ 25ಕ್ಕೆ ಏರಿತು. ಏಷ್ಯಾ ಮೂಲದವರ ಪ್ರಮಾಣ ಶೇ 73ರಿಂದ 54ಕ್ಕೆ ಇಳಿಯಿತು. ಕೆಲವು ಪೋಷಕರು ನ್ಯಾಯಾಲಯಕ್ಕೆ ಹೋದರು. ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಶಾಲೆಯ ಪರ ತೀರ್ಪಿತ್ತಿತು. 2024ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ನ್ಯೂಯಾರ್ಕ್‌ನಲ್ಲಿ ಮತ್ತೊಂದು ಸರ್ಕಾರಿ ಶಾಲೆಯಿದೆ, ಲಗಾರ್ಡಿಯಾ. 1936ರಲ್ಲಿ ಆರಂಭವಾದ ಸಂಗೀತ ಮತ್ತು ಕಲಾ ಶಾಲೆಯ ಮುಂದುವರಿಕೆ ಇದು. 1971ರ ಕಾನೂನಿನ ಪರೀಕ್ಷೆ ಇದಕ್ಕಿಲ್ಲ. ಹಾಡುವವರು ಇಲ್ಲಿ ಹಾಡಿ ತೋರಿಸಬೇಕು, ಕುಣಿಯುವವರು ಕುಣಿದು ತೋರಿಸಬೇಕು. 2019ರಲ್ಲಿ ಇಲ್ಲಿನ ನೂರಾರು ವಿದ್ಯಾರ್ಥಿಗಳು ತರಗತಿಗೆ ಹೋಗದೆ ಶಾಲೆಯೊಳಗೇ ಧರಣಿ ಕೂತರು. ಅವರ ದೂರು: ಕಲೆಗಿಂತ ಅಂಕಕ್ಕೇ ಶಾಲೆಯಲ್ಲಿ ಹೆಚ್ಚು ಬೆಲೆ ಸಿಗುತ್ತಿದೆ.