ಸುಗಟೂರಿನ ಗಾಳಿ ಶೇ 8 ತೆಳು: ಟೂ-ಸ್ಟ್ರೋಕ್ ಟರ್ಬೊ ಲೆಕ್ಕ

ಸುಗಟೂರು ಸೇರಿದಂತೆ ಕೋಲಾರದ ಬಯಲು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಕಡಲತೀರದಲ್ಲಿ 101.3 ಕಿಲೊಪಾಸ್ಕಲ್ ಇರುವ ಗಾಳಿಯ ಒತ್ತಡ ಇಲ್ಲಿ 91.5ರ ಆಸುಪಾಸಿನಲ್ಲಿದೆ, ಸಾಂದ್ರತೆ ಶೇ 8 ಕಡಿಮೆ. 98 ಸಿಸಿಯ ಯಮಹಾ ಆರ್‌ಎಕ್ಸ್ 100ಕ್ಕೆ ಕಂಪನಿ ಹೇಳಿದ್ದು 11 ಅಶ್ವಶಕ್ತಿ. ಈ ಎತ್ತರದಲ್ಲಿ ಕೈಗೆ ಸಿಗುವುದು 10.1. ಟರ್ಬೊ ಕೂರಿಸಬೇಕೆಂಬ ಆಸೆ ಹುಟ್ಟುವುದು ಈ 0.9ರಿಂದ.

ಆರ್‌ಎಕ್ಸ್ 100 ಭಾರತದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ. ಟೂ-ಸ್ಟ್ರೋಕ್ ಜಾವಾ, ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದೂ 1996ರಲ್ಲೇ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಹೋಂಡಾ 2013ರಲ್ಲಿ ವರ್ಷಕ್ಕೆ 12 ಲಕ್ಷ ವಾಹನಗಳ ಸಾಮರ್ಥ್ಯದ ಕಾರ್ಖಾನೆ ಆರಂಭಿಸಿತು. ಅಲ್ಲಿಂದ ಹೊರಬರುವ ಪೆಟ್ರೋಲ್ ಗಾಡಿಗಳೆಲ್ಲ ಫೋರ್-ಸ್ಟ್ರೋಕ್. ಹಾಗಾಗಿ ಟೂ-ಸ್ಟ್ರೋಕ್ ಟ್ಯೂನಿಂಗ್ ಎಂದರೆ ಹೆಚ್ಚೂಕಡಿಮೆ 30 ವರ್ಷ ಹಳೆಯ ಗಾಡಿಗಳ ಮಾತು.

ಕಾರ್ಬ್ಯುರೇಟರ್ ಗಾಳಿಯ ಗಾತ್ರವನ್ನು ಗುರುತಿಸುತ್ತದೆ, ತೂಕವನ್ನಲ್ಲ. ಗಾಳಿ ಶೇ 8 ತೆಳುವಾದಾಗ ಜೆಟ್, ಅಂದರೆ ಪೆಟ್ರೋಲ್ ಹಾಯುವ ಹಿತ್ತಾಳೆಯ ರಂಧ್ರ, ಅದೇ ಪ್ರಮಾಣದಲ್ಲಿ ಪೆಟ್ರೋಲ್ ಇಳಿಸುವುದಿಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಶೇ 4 ಹೆಚ್ಚಾಗುತ್ತದೆ. 1.00 ಮಿ.ಮೀ. ಜೆಟ್ ಬದಲು 0.98ರದು ಹಾಕಿದರೆ ಇದು ಸರಿಹೋಗುತ್ತದೆ. ವ್ಯತ್ಯಾಸ 0.02 ಮಿ.ಮೀ. ಕಸ ತೆಗೆಯಲೆಂದು ಜೆಟ್ಟಿನೊಳಗೆ ತಂತಿ ತೂರಿಸಿ ತಿರುಗಿಸಿದರೆ ರಂಧ್ರ ಇದಕ್ಕಿಂತ ಹೆಚ್ಚು ಸವೆಯಬಹುದು. ಕಂಪ್ರೆಸರ್ ಗಾಳಿ ಊದಿಸುವುದೇ ಸರಿ.

ತಿಂಗಳಿಗೆ 500 ಕಿ.ಮೀ. ಓಡಾಟ, ಲೀಟರಿಗೆ 40 ಕಿ.ಮೀ. ಮೈಲೇಜ್, ಪೆಟ್ರೋಲ್ ದರ ₹103 ಎಂದಿಟ್ಟುಕೊಳ್ಳಿ. ವರ್ಷಕ್ಕೆ 150 ಲೀಟರ್ ಬೇಕು. ಅದರಲ್ಲಿ ಶೇ 4 ಎಂದರೆ 6 ಲೀಟರ್, ₹618. ಜೆಟ್ ಬದಲಿಸಿದರೆ ಉಳಿಯುವುದು ಹೆಚ್ಚೆಂದರೆ ಇಷ್ಟು.

ಸೈಲೆನ್ಸರ್ ಕಡೆ ಸೋರುವುದು ಇದಕ್ಕಿಂತ ದೊಡ್ಡ ಮೊತ್ತ. ಟೂ-ಸ್ಟ್ರೋಕ್‌ನಲ್ಲಿ ಹೊಸ ಮಿಶ್ರಣ ಸಿಲಿಂಡರಿಗೆ ಬರುವಾಗ ಹೊಗೆಯ ಬಾಯಿ ತೆರೆದೇ ಇರುತ್ತದೆ. ಕಾರ್ಬ್ಯುರೇಟರ್ ಇರುವ ಎಂಜಿನ್‌ಗಳಲ್ಲಿ ಸುಮಾರು ಶೇ 30ರಷ್ಟು ಪೆಟ್ರೋಲ್ ಉರಿಯದೆ ಹೊರಹೋಗಬಹುದು: 150ರಲ್ಲಿ 45 ಲೀಟರ್, ₹4,635.

ಈ ಸೋರಿಕೆಯನ್ನು ತಡೆಯುವುದು ಸೈಲೆನ್ಸರ್ ಪೈಪಿನ ಉದ್ದ. ಹೊರಟ ಒತ್ತಡದ ಅಲೆ ಪೈಪಿನ ಕೊನೆಯ ಕೋನ್‌ಗೆ ಬಡಿದು ಹಿಂದಿರುಗಿ, ಹೊರಬಿದ್ದ ಮಿಶ್ರಣವನ್ನು ಒಳಕ್ಕೆ ತಳ್ಳಬೇಕು. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 510 ಮೀಟರ್. ಹೊಗೆಯ ಬಾಯಿ 180 ಡಿಗ್ರಿ, ಅಂದರೆ ಅರ್ಧ ಸುತ್ತು, ತೆರೆದಿದ್ದು, ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗಿದರೆ ಸಿಗುವ ಸಮಯ 3.75 ಮಿಲಿಸೆಕೆಂಡ್, ಅಲೆ ಹೋಗಿಬರಲು ಬೇಕಾದ ಪೈಪಿನ ಉದ್ದ 956 ಮಿ.ಮೀ. 9,000 ಸುತ್ತಿಗೆ ಅದು 850. ಸಾವಿರ ಸುತ್ತಿಗೆ 106 ಮಿ.ಮೀ. ವ್ಯತ್ಯಾಸ. ಕಣ್ಣಳತೆಯಲ್ಲಿ ಕೊಯ್ದು ವೆಲ್ಡ್ ಮಾಡಿದ ಪೈಪು ಸದ್ದು ಕೊಟ್ಟೀತು, ಶಕ್ತಿ ಕೊಡುವ ಖಾತರಿಯಿಲ್ಲ.

ಈಗ ಟರ್ಬೊ. ಹೊಗೆಯ ರಭಸದಿಂದ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಪಂಪು ಅದು. ಇಲ್ಲಿನ ಒತ್ತಡದ ಮೇಲೆ 0.5 ಬಾರ್ ಸೇರಿಸಿದರೆ ಒತ್ತಡ ಶೇ 55 ಏರುತ್ತದೆ. ಆದರೆ ಒತ್ತಿದ ಗಾಳಿ ಕಾಯುತ್ತದೆ: ಪಂಪಿನ ದಕ್ಷತೆ ಶೇ 65 ಎಂದರೆ 30 ಡಿಗ್ರಿ ಸೆಲ್ಸಿಯಸ್‌ನಿಂದ ಸುಮಾರು 92ಕ್ಕೆ. ಸಾಂದ್ರತೆಯಲ್ಲಿ ಉಳಿಯುವ ಲಾಭ ಶೇ 28. ಟರ್ಬೊ ನಂತರ ಕೂತ ಕಾರ್ಬ್ಯುರೇಟರ್ ಪೆಟ್ರೋಲನ್ನು ಶೇ 13 ಮಾತ್ರ ಹೆಚ್ಚಿಸುತ್ತದೆ. ಮಿಶ್ರಣ ಶೇ 12 ತೆಳುವಾಗುತ್ತದೆ. ಅದೂ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿಗೆ ಅದೇ ಒತ್ತಡ ಕೊಟ್ಟಿದ್ದರೆ. ಇಲ್ಲವಾದರೆ ಪೆಟ್ರೋಲ್ ಮೇಲೇರುವುದೇ ಇಲ್ಲ. ತೆಳು ಮಿಶ್ರಣದಲ್ಲಿ ಪ್ಲಗ್ ಬೆಳ್ಳಗಾಗುತ್ತದೆ, ಮುಂದಿನ ಹಂತ ಪಿಸ್ಟನ್ ಸೀಜ್, ಅಂದರೆ ಅದು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುವುದು. ಎತ್ತರಕ್ಕೆ 0.98ಕ್ಕೆ ಇಳಿದಿದ್ದ ಜೆಟ್ ಈಗ 1.04 ಆಗಬೇಕು.

ಟರ್ಬೊ ಟೂ-ಸ್ಟ್ರೋಕ್ ಇಲ್ಲವೆಂದಲ್ಲ. ಸ್ಕೀ-ಡೂ ಕಂಪನಿ 2020ರಲ್ಲಿ ತಂದ 849 ಸಿಸಿ ಹಿಮವಾಹನ 8,000 ಅಡಿ ಎತ್ತರದಲ್ಲೂ 165 ಅಶ್ವಶಕ್ತಿ ಉಳಿಸಿಕೊಳ್ಳುತ್ತದೆ. ಅಲ್ಲಿ ಗಾಳಿ ಶೇ 21 ತೆಳು, ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇದೆ. ನಮ್ಮಲ್ಲಿ ಕೊರತೆ ಶೇ 8. ಅಷ್ಟಕ್ಕೆ ಟರ್ಬೊ ಖರ್ಚು ಹುಟ್ಟುವುದಿಲ್ಲ.

ಕಾನೂನಿನ ಲೆಕ್ಕವೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ ₹5,000 ದಂಡ ಅಥವಾ 6 ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಶಬ್ದ, ಹೊಗೆಯ ಮಿತಿ ಮೀರಿದರೆ ದಂಡ ₹10,000ದವರೆಗೆ. 2000ಕ್ಕೆ ಮೊದಲಿನ ಟೂ-ಸ್ಟ್ರೋಕ್ ಬೈಕಿಗೆ ಹೊಗೆ ತಪಾಸಣೆಯಲ್ಲಿ ಇರುವ ಮಿತಿ ಕಾರ್ಬನ್ ಮೊನಾಕ್ಸೈಡ್ ಶೇ 4.5, ಹೈಡ್ರೊಕಾರ್ಬನ್ 9,000 ಪಿಪಿಎಂ. ಜೆಟ್ ಬದಲಿಸಿದ ಮೇಲೆ ಈ ಎರಡು ಅಂಕಿಗಳನ್ನು ಚೀಟಿಯಲ್ಲಿ ನೋಡಿಕೊಳ್ಳಿ.